ಸೂಲಗಿತ್ತಿಯಿಂದ ಉಪಕೇಂದ್ರದವರೆಗೆ: ಚಿಕ್ಕಬಳ್ಳಾಪುರ ಸೀಮೆಯ ಶುಶ್ರೂಷೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳ್ಳಿಗಳಲ್ಲಿ ಹೆರಿಗೆ, ಬಾಣಂತನ, ಕೂಸಿನ ಆರೈಕೆಗಳು ಬಹುಕಾಲ ಸೂಲಗಿತ್ತಿಯ ಕೈಯಲ್ಲಿದ್ದವು. ಕರೆ ಬಂದರೆ ಅವಳೇ ಮನೆಗೆ ಹೋಗುತ್ತಿದ್ದಳು. ಲಂಡನ್ ಮಿಷನ್ 20ನೇ ಶತಮಾನದ ಮೊದಲ ದಶಕಗಳಲ್ಲಿ ಚಿಕ್ಕಬಳ್ಳಾಪುರದಲ್ಲಿ ನಡೆಸಿದ ಆಸ್ಪತ್ರೆ, ಇಂದಿನ ಸಿಎಸ್‌ಐ ಆಸ್ಪತ್ರೆ, ಈ ರೂಢಿಯನ್ನು ತಿರುಗುಮುರುಗಾಗಿಸಿತು. ತರಬೇತಾದ ನರ್ಸು ವಾರ್ಡಿನಲ್ಲಿದ್ದರು. ರೋಗಿಯೇ ಅಲ್ಲಿಗೆ ಬರಬೇಕಾಯಿತು.

ಮನೆಭೇಟಿ, ಆಸ್ಪತ್ರೆ ಎರಡನ್ನೂ ಬೆಸೆಯುವ ಯತ್ನ ಮೈಸೂರು ಸಂಸ್ಥಾನದಲ್ಲಿ 1930ರ ದಶಕದಲ್ಲಿ ನಡೆಯಿತು. ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮೀಣ ಆರೋಗ್ಯ ಘಟಕ ಆರಂಭವಾಯಿತು. ದೇಶದ ಆರೋಗ್ಯ ಸೇವೆಗಳ ಕುರಿತ 1946ರ ಭೋರ್ ಸಮಿತಿ 40,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಲಿ ಎಂದಿತು. ಸಮಿತಿಯ ಸಿಬ್ಬಂದಿ ಪಟ್ಟಿಯಲ್ಲಿ 4 ಸಾರ್ವಜನಿಕ ಆರೋಗ್ಯ ನರ್ಸುಗಳು, 4 ಮಿಡ್‌ವೈಫ್‌ಗಳ ಜೊತೆಗೆ ತರಬೇತಾದ 4 ಸೂಲಗಿತ್ತಿಯರಿಗೂ ಜಾಗವಿತ್ತು.

ಮಲೇರಿಯಾ, ಸಿಡುಬು, ಕುಟುಂಬ ಯೋಜನೆಗಳಿಗೆ ಬೇರೆಬೇರೆ ಸಿಬ್ಬಂದಿ ಮನೆ ಮನೆ ಸುತ್ತುತ್ತಿದ್ದ ಪದ್ಧತಿ 1973ರ ಕರ್ತಾರ್ ಸಿಂಗ್ ಸಮಿತಿಯ ವರದಿಯ ನಂತರ ಬದಲಾಯಿತು. ಹಲವು ಕೆಲಸಗಳನ್ನು ಒಬ್ಬರೇ ನಿಭಾಯಿಸುವ ವಿವಿಧೋದ್ದೇಶ ಕಾರ್ಯಕರ್ತೆಯ ಹುದ್ದೆ ರೂಪುಗೊಂಡಿತು. ಅದೇ ವರ್ಷ ವಿಶ್ವಬ್ಯಾಂಕ್ ನೆರವಿನ ಮೊದಲ ಭಾರತ ಜನಸಂಖ್ಯಾ ಯೋಜನೆ ಬೆಂಗಳೂರು ವಿಭಾಗದಲ್ಲಿ ಶುರುವಾಯಿತು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕುಗಳೂ ಅದರ ವ್ಯಾಪ್ತಿಯಲ್ಲಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಳಗೆ, ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ ಎಂಬ ಅಳತೆ ಮುಂದೆ ನೆಲೆಯಾಯಿತು.

ಉಪಕೇಂದ್ರದ ಈ ಕಾರ್ಯಕರ್ತೆ, ಎಎನ್‌ಎಂ (ಸಹಾಯಕ ನರ್ಸ್-ಮಿಡ್‌ವೈಫ್), ಹಳ್ಳಿಗರ ಬಾಯಲ್ಲಿ 'ನರ್ಸಮ್ಮ'. ಗುರುವಾರ ಲಸಿಕೆಯ ದಿನ. ಮಂಜುಗಡ್ಡೆಯ ಪೊಟ್ಟಣಗಳ ನಡುವೆ ಸೀಸೆಗಳನ್ನು ಜೋಡಿಸಿದ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಅವರು ಅಂಗನವಾಡಿಗೆ ಬರುತ್ತಾರೆ. ಗರ್ಭಿಣಿಯ ತೂಕ, ರಕ್ತದೊತ್ತಡಗಳನ್ನು ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಆಂಧ್ರದ ಗಡಿಯತ್ತ ತೆಲುಗು ಮನೆಮಾತಿನ ಊರುಗಳಿರುವುದರಿಂದ ಅಲ್ಲಿ ಎರಡೂ ಭಾಷೆ ಬೇಕು. ಆದರೆ 5,000ದ ಲೆಕ್ಕ ತಲೆಗಳದ್ದು, ದಾರಿಯದ್ದಲ್ಲ: ಚದುರಿದ ಹಳ್ಳಿಗಳಿದ್ದಲ್ಲಿ ಅದೇ ಜನಸಂಖ್ಯೆಗೆ ಹೆಚ್ಚು ದೂರ ಸುತ್ತಬೇಕು.

2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಸುಮಾರು 1,000 ಜನಕ್ಕೊಬ್ಬ ಆಶಾ ಕಾರ್ಯಕರ್ತೆಯನ್ನು ತಂದು ಈ ಹೊರೆಯನ್ನು ಹಂಚಿತು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. 2018ರ ಆಯುಷ್ಮಾನ್ ಭಾರತ ಯೋಜನೆಯಡಿ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬರತೊಡಗಿದರು. ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಅವರು ಕೇಂದ್ರದಲ್ಲಿದ್ದು ಬಿಪಿ, ಸಕ್ಕರೆ ಕಾಯಿಲೆ ತಪಾಸಣೆ ಮಾಡಿದರೆ, ಎಎನ್‌ಎಂ ಮತ್ತು ಆಶಾ ಮನೆಗಳತ್ತ ಹೋಗುತ್ತಾರೆ. ವಾರ್ಡಿನ ನರ್ಸು, ಮನೆಗೆ ಬರುವ ಸೂಲಗಿತ್ತಿ ಇಬ್ಬರ ಪಾತ್ರಗಳೂ ಹೀಗೆ ಒಂದೇ ಉಪಕೇಂದ್ರದೊಳಗೆ ಸೇರಿವೆ.