ಪರೀಕ್ಷೆಯ ತಿಂಗಳಲ್ಲಿ ಬರುವ ವಸಂತ

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ ನಮ್ಮ ಬಯಲುಸೀಮೆಯ ಶಾಲೆಯಂಗಳದಲ್ಲಿ ಹೊಂಗೆ ಎಳೆಹಸಿರು ಹೊದ್ದಿರುತ್ತದೆ, ಬೇವು ಹೂ ಬಿಡುತ್ತದೆ, ಅರಳಿಯ ಚಿಗುರು ತಾಮ್ರದ ಬಣ್ಣದಲ್ಲಿ ಹೊಳೆಯುತ್ತದೆ. ಸಣ್ಣ ತರಗತಿಯ ಮಕ್ಕಳು ಕಣ್ಣಾರೆ ಕಂಡು, ಮುಟ್ಟಿ, ಮೂಸಿ ಕಲಿಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಅವರು ಕೊಠಡಿಯೊಳಗೆ ಪ್ರಶ್ನೋತ್ತರ ಬಾಯಿಪಾಠ ಮಾಡುತ್ತಿರುತ್ತಾರೆ. ಮಾರ್ಚಿನಲ್ಲಿ ಪರೀಕ್ಷೆ, ಏಪ್ರಿಲ್ 10ಕ್ಕೆ ಫಲಿತಾಂಶ, ಆಮೇಲೆ ರಜೆ. ಹೊರಾಂಗಣ ಕಲಿಕೆಯಲ್ಲಿ ನಮ್ಮ ದೇಶ ನಡೆಸಿದ ಪ್ರಯೋಗಗಳನ್ನು ಈ ಇಕ್ಕಟ್ಟಿನ ಕಡೆಯಿಂದ ನೋಡುತ್ತ ಬಂದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಸಂತವನ್ನು ಪಾಠವಾಗಿಸಿಕೊಂಡವರು ಪರೀಕ್ಷೆಯ ಹಿಡಿತವನ್ನು ಮೊದಲು ಸಡಿಲಿಸಿದ್ದರು.

1901ರ ಡಿಸೆಂಬರಿನಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಶಾಲೆ ತೆರೆದರು. ಮರದಡಿಯ ಪಾಠ ಎಂದೊಡನೆ ಎಲ್ಲರಿಗೂ ನೆನಪಾಗುವುದು ಆ ಮಾವಿನ ತೋಪು. ನನ್ನ ಎಣಿಕೆಯಲ್ಲಿ ನೆರಳಿಗಿಂತ ದೊಡ್ಡ ಕೊಡುಗೆ, ಋತುವನ್ನೇ ಶಾಲೆಯ ದಿನಚರಿಯೊಳಗೆ ತಂದದ್ದು. 1907ರ ವಸಂತ ಪಂಚಮಿಯಂದು ಅಲ್ಲಿ ಋತು ಉತ್ಸವಕ್ಕೆ ಮೊದಲಿಟ್ಟವನು ಕವಿಯ ಕಿರಿಯ ಮಗ ಶಮೀಂದ್ರನಾಥ. ಮಕ್ಕಳೇ ಋತುಗಳ ವೇಷ ತೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಆ ಬಾಲಕ ಕಾಲರಾದಿಂದ ತೀರಿಕೊಂಡ. ಇಂದು ವಸಂತೋತ್ಸವವೆಂದು ಹೆಸರಾಗಿರುವ ಹಬ್ಬದ ಬೇರು ಒಬ್ಬ ಹುಡುಗನ ಆಟದಲ್ಲಿದೆ ಎಂಬುದನ್ನು ಶಿಕ್ಷಕರ ತರಬೇತಿಗಳಲ್ಲಿ ಹೇಳಬೇಕು.

1937ರ ವಾರ್ಧಾ ಸಮ್ಮೇಳನದಿಂದ ಹೊರಟ ಗಾಂಧೀಜಿಯ ಮೂಲಶಿಕ್ಷಣ ಕೈಕೆಲಸವನ್ನು ಕಲಿಕೆಯ ನಡುವೆ ಇರಿಸಿತು. ಅದರ ಒಲವು ದುಡಿಮೆಯ ಕಡೆಗಿತ್ತು, ಋತುವಿನ ಕಡೆಗಲ್ಲ. ಪುತ್ತೂರಿನಲ್ಲಿ ಶಿವರಾಮ ಕಾರಂತರ ದಾರಿಯೇ ಬೇರೆ. ಮಕ್ಕಳನ್ನು ಕುಣಿಸಿ, ಆಡಿಸಿ, ಸುತ್ತಲಿನದನ್ನು ನೋಡಲು ಕಲಿಸಬೇಕೆಂದು ಅವರು ಅಲ್ಲಿ ಶಿಕ್ಷಣದ ಪ್ರಯೋಗಕ್ಕಿಳಿದರು, ಒಬ್ಬರೇ ಕೂತು ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದರು. ಆ ಕೆಲಸ ಸರ್ಕಾರಿ ಶಾಲೆಯ ಪದ್ಧತಿಯಾಗಿ ಬೆಳೆಯಲಿಲ್ಲ. ಅದು ಕನ್ನಡಕ್ಕೆ ಆದ ನಷ್ಟ.

1972ರಲ್ಲಿ ಶಿಕ್ಷಣತಜ್ಞ ಡೇವಿಡ್ ಹಾರ್ಸ್‌ಬರೋ ಕೋಲಾರ ಜಿಲ್ಲೆಯ ರಾಯಲ್ಪಾಡು ಬಳಿ ನೀಲ್‌ಬಾಗ್ ಶಾಲೆ ಕಟ್ಟಿದರು. ಸುತ್ತಲ ಹಳ್ಳಿಗಳ ಮಕ್ಕಳು, ಬೇರೆಬೇರೆ ವಯಸ್ಸಿನವರು, ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಪರೀಕ್ಷೆ ಇರಲಿಲ್ಲ, ಶಿಕ್ಷೆ ಇರಲಿಲ್ಲ. ಮರಗೆಲಸ, ಮಣ್ಣಿನ ಕೆಲಸ, ಹೊಲಿಗೆ, ಸಂಗೀತ ಇವು ಗಣಿತದಷ್ಟೇ ಮುಖ್ಯ. ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರೂ ಆ ವಿಚಾರ ಗಡಿಯಾಚೆಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಹೊಸ ರೂಪ ಪಡೆಯಿತು, ಅಲ್ಲಿಂದ ತಿರುಗಿ ಕರ್ನಾಟಕಕ್ಕೇ ಬಂತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ರಿಷಿ ವ್ಯಾಲಿಯನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ ‘ನಲಿ-ಕಲಿ’ ಆರಂಭಿಸಿದರು.

ನಲಿ-ಕಲಿಯ ಜಾಣ್ಮೆ ಅದರ ಕಲಿಕಾ ಏಣಿಯಲ್ಲಿದೆ. ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳಲ್ಲಿ ಇಟ್ಟಿರುವುದರಿಂದ, ಸುಗ್ಗಿಗೋ ಊರ ಜಾತ್ರೆಗೋ ವಾರಗಟ್ಟಲೆ ಶಾಲೆ ತಪ್ಪಿಸಿದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಹಳ್ಳಿಯ ವರ್ಷಚಕ್ರವನ್ನು ತಪ್ಪೆಂದು ಕಾಣದೆ ಒಪ್ಪಿಕೊಂಡ ಪದ್ಧತಿ ಇದು. ಹುಣಸೆ ಬಡಿಯುವ ಕಾಲದಲ್ಲಿ ಸಿಗುವ ಬೀಜಗಳೇ ಎಣಿಕೆಯ ಸಾಮಗ್ರಿ. ಉದುರಿದ ಎಲೆಗಳು ಚಿತ್ರಕ್ಕೂ ಆಕಾರದ ಪಾಠಕ್ಕೂ ಬರುತ್ತವೆ. ಮುತ್ತುಗದ ಹೂವನ್ನು ನೀರಿನಲ್ಲಿ ಕುದಿಸಿದರೆ ಬಣ್ಣ ಸಿದ್ಧ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಹರವು ಹೆಚ್ಚಿದಂತೆ ಹುರುಪು ತಗ್ಗಿತು ಎನ್ನದೆ ವಿಧಿಯಿಲ್ಲ. ಒಬ್ಬರೇ ಶಿಕ್ಷಕರು ಮೂರು ತರಗತಿಯ ಮಕ್ಕಳನ್ನು ನೋಡಿಕೊಳ್ಳುತ್ತ ಕಾರ್ಡು ಹಂಚುವುದರಲ್ಲೇ ದಿನ ಮುಗಿದರೆ ಅಂಗಳಕ್ಕೆ ಹೋಗುವುದು ಯಾವಾಗ? ಇದು ಶಿಕ್ಷಕರ ತಪ್ಪಲ್ಲ, ನೇಮಕಾತಿಯ ಪ್ರಶ್ನೆ.

ರಜೆಯೆಂದು ಶಾಲೆ ಕೈಬಿಟ್ಟ ಬೇಸಿಗೆಯನ್ನು ರಂಗಭೂಮಿ ಎತ್ತಿಕೊಂಡಿತು. ಠಾಕೂರರ ಗಿಳಿಯ ಕಥೆಯಿಂದ ಬಿ.ವಿ. ಕಾರಂತರು ಕಟ್ಟಿದ ಮಕ್ಕಳ ನಾಟಕ ‘ಪಂಜರಶಾಲೆ’ ಬಾಯಿಪಾಠದ ಶಿಕ್ಷಣವನ್ನು ಮಕ್ಕಳ ಬಾಯಿಂದಲೇ ಪ್ರಶ್ನಿಸಿತು. 1989ರಲ್ಲಿ ಅವರ ನೇತೃತ್ವದಲ್ಲಿ ಹುಟ್ಟಿದ ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುವ ‘ಚಿಣ್ಣರ ಮೇಳ’ದಲ್ಲಿ ಮಕ್ಕಳು ಹಾಡು, ಮುಖವಾಡ, ಜೇಡಿಮಣ್ಣು, ನಾಟಕಗಳಲ್ಲಿ ಮುಳುಗುತ್ತಾರೆ. ಈಗ ಬೇಸಿಗೆ ಶಿಬಿರಗಳಿಲ್ಲದ ಪೇಟೆಯಿಲ್ಲ. ಬಹುತೇಕ ಶಿಬಿರಗಳು ಶುಲ್ಕ ಕಟ್ಟಬಲ್ಲವರ ಮಕ್ಕಳಿಗೆ, ಕಟ್ಟಡದೊಳಗೆ ನಡೆಯುವಂಥವು. ಮುತ್ತುಗ ಅರಳುವ ಹಳ್ಳಿಯ ಮಗುವಿಗೆ ಅವು ಸಿಗುವುದಿಲ್ಲ.

1993ರ ಯಶಪಾಲ್ ಸಮಿತಿಯ ವರದಿ ಪಠ್ಯದ ಹೊರೆಯ ಬಗ್ಗೆ ಎಚ್ಚರಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಹೊರಗಿನ ಬದುಕಿಗೆ ಕಲಿಕೆಯನ್ನು ಜೋಡಿಸಬೇಕೆಂದಿತು. 2020ರ ಶಿಕ್ಷಣ ನೀತಿ ಚೀಲವಿಲ್ಲದ ಹತ್ತು ದಿನಗಳನ್ನು ಹೇಳಿದ್ದು 6ರಿಂದ 8ನೇ ತರಗತಿಗೆ. ಕರ್ನಾಟಕದ ‘ಸಂಭ್ರಮ ಶನಿವಾರ’, ಶಾಲೆಗಳ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಒಳ್ಳೆಯ ಹೆಜ್ಜೆಗಳೇ. ಆದರೆ ಒಂದು ದಿನದ ಸಂಭ್ರಮ ಬೇರೆ, ಋತುವನ್ನು ವಾರವಾರವೂ ಹಿಂಬಾಲಿಸುವುದು ಬೇರೆ.

ಹಾಗೆ ಹಿಂಬಾಲಿಸುವ ಕ್ರಮವನ್ನು ಇತ್ತೀಚೆಗೆ ತಂದುಕೊಟ್ಟದ್ದು ‘ಸೀಸನ್‌ವಾಚ್’ ಎಂಬ ಯೋಜನೆ. ಮಕ್ಕಳು ಒಂದು ಮರವನ್ನು ತಮ್ಮದಾಗಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿ, ಹಣ್ಣು ಎಷ್ಟಿವೆ ಎಂದು ದಾಖಲಿಸುತ್ತಾರೆ. ಕೇರಳದ ನೂರಾರು ಶಾಲೆಗಳು ಇದರಲ್ಲಿ ಸೇರಿಕೊಂಡಿವೆ. ವಿಷುವಿಗೆ ಅರಳಬೇಕಾದ ಕಕ್ಕೆ ನಿಜಕ್ಕೂ ಯಾವಾಗ ಅರಳುತ್ತಿದೆ ಎಂಬುದನ್ನು ತಿಳಿಯಲು ವಿಜ್ಞಾನಿಗಳಿಗೂ ಇಂಥ ದಾಖಲೆ ಬೇಕು. ನಮ್ಮ ಮೂರರಿಂದ ಐದನೇ ತರಗತಿಯವರೆಗಿನ ಪರಿಸರ ಅಧ್ಯಯನಕ್ಕೆ ಇದಕ್ಕಿಂತ ಹೊಂದುವ ಚಟುವಟಿಕೆ ನನಗೆ ಕಾಣದು. ಮಾರ್ಚಿನ ಲಿಖಿತ ಪರೀಕ್ಷೆಯ ಜಾಗದಲ್ಲಿ, ಶಿವರಾತ್ರಿಯಿಂದ ಯುಗಾದಿಯವರೆಗೆ ಮಗು ಬರೆದಿಟ್ಟ ಮರದ ದಾಖಲೆ ಮತ್ತು ಚಿತ್ರಗಳನ್ನೇ ಆ ವಿಷಯದ ಮೌಲ್ಯಮಾಪನಕ್ಕೆ ತೆಗೆದುಕೊಳ್ಳಬಹುದು. ಅದಕ್ಕೆ ಬೇಕಿರುವುದು ಇಲಾಖೆಯ ಒಂದು ಸುತ್ತೋಲೆ, ಶಾಲೆಗೊಂದು ಮರ.