ಅರವತ್ತನಾಲ್ಕು ಪೌಂಡಿನ ಲೆಕ್ಕ

ಊಟದ ಮೇಜಿನ ಮೇಲೆ ಯೂರೋಪಿನ ಭೂಪಟ ಹರಡಿ, ಅದು ಸುರುಳಿ ಸುತ್ತಿಕೊಳ್ಳದ ಹಾಗೆ ಒಂದು ಮೂಲೆಗೆ ಉಪ್ಪಿನಕಾಯಿ ಜಾಡಿ, ಇನ್ನೊಂದಕ್ಕೆ ಚಟ್ನಿಪುಡಿ ಡಬ್ಬಿ, ಉಳಿದೆರಡಕ್ಕೆ ನನ್ನ ಕನ್ನಡಕದ ಪೆಟ್ಟಿಗೆ ಮತ್ತು ಅಮ್ಮನ ಮಾತ್ರೆಗಳ ಡಬ್ಬಿ ಇಟ್ಟು ಕುಳಿತಿದ್ದಳು ನನ್ನ ಅಕ್ಕನ ಮಗಳು. ಜಯಲಕ್ಷ್ಮಿಪುರಂನ ನಮ್ಮ ಮನೆಯ ಈ ಮೇಜಿನ ಮೇಲೆ ಮದುವೆಯ ಜವಳಿ ಪಟ್ಟಿ ಬರೆದದ್ದಿದೆ, ಮನೆ ಕಟ್ಟುವಾಗ ಸಿಮೆಂಟು ಮೂಟೆಯ ಲೆಕ್ಕ ಹಾಕಿದ್ದಿದೆ. ಸೈಕಲ್ ಮೇಲೆ ಯೂರೋಪು ಸುತ್ತುವ ಲೆಕ್ಕ ಇದೇ ಮೊದಲು.

“ಚಿಕ್ಕಮ್ಮ, ಒಂದ್ಸಲ ನೋಡು. ಎಲ್ಲಾದರೂ ಬಿಟ್ಟಿದೀನಾ ಹೇಳು” ಎಂದು ಹಾಳೆ ನನ್ನ ಮುಂದೆ ತಳ್ಳಿದಳು. ಜರ್ಮನಿಯ ಪಾಸೌ ಎಂಬ ಊರಿನಿಂದ ಡ್ಯಾನ್ಯೂಬ್ ನದಿಯ ದಡದಲ್ಲೇ ವಿಯೆನ್ನಾಕ್ಕೆ ಸುಮಾರು 320 ಕಿಲೋಮೀಟರು. ಅಲ್ಲಿಂದ ಬುಡಾಪೆಸ್ಟಿಗೆ ಇನ್ನೂ ಹೆಚ್ಚುಕಡಿಮೆ ಅಷ್ಟೇ. ನದಿ ಹರಿಯುವ ದಿಕ್ಕಿಗೇ ಹೋಗುವುದರಿಂದ ಏರು ಕಡಿಮೆಯಂತೆ. ಅಲ್ಲೇ ಹಳೆಯ ಸೈಕಲ್ ಕೊಂಡು, ಕೊನೆಯಲ್ಲಿ ಬಂದಷ್ಟಕ್ಕೆ ಮಾರುವುದು. ರಾತ್ರಿಗೆ ಪುಟ್ಟ ಡೇರೆ. ವೀಸಾ ಶುಲ್ಕ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಭರಿಸುವ ಆರೋಗ್ಯ ವಿಮೆ. ಅವಲಕ್ಕಿ, ಹುಳಿಪುಡಿ, ಪುಟ್ಟ ಒಲೆ. ಇದರಲ್ಲಿ ಒಂದು ಸ್ವಾರಸ್ಯವೆಂದರೆ, ಪ್ರತಿ ರಾತ್ರಿ ಎಲ್ಲಿ ತಂಗುತ್ತೀಯ ಎಂಬುದಕ್ಕೆ ವೀಸಾ ಕೊಡುವವರಿಗೆ ಪುರಾವೆ ಬೇಕು. ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟವಳು ಯಾವ ವಿಳಾಸ ಬರೆಯಬೇಕು? ಕಂಡಕಂಡಲ್ಲಿ ಡೇರೆ ಹೊಡೆಯಲು ಜರ್ಮನಿ, ಆಸ್ಟ್ರಿಯಾಗಳಲ್ಲಿ ಬಹುಮಟ್ಟಿಗೆ ಅನುಮತಿಯಿಲ್ಲ. ಹಾಗಾಗಿ ಡೇರೆ ಹಾಕಲೆಂದೇ ಇರುವ ಮೈದಾನಗಳಲ್ಲಿ ಮುಂಚಿತವಾಗಿ ಜಾಗ ಕಾದಿರಿಸಿ ಚೀಟಿ ತರಿಸಿಕೊಂಡಿದ್ದಳು.

ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಒಂದು ಬಾಬ್ತು ಅದರಲ್ಲಿ ಇರಲಿಲ್ಲ. ಅದನ್ನು ಆಗ ನಾನು ಹೇಳಲಿಲ್ಲ; ನಿಮಗೂ ಸ್ವಲ್ಪ ತಡೆದು ಹೇಳುತ್ತೇನೆ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದವಳು ನಾನು. ಕೈಗೆ ಒಂದು ಪಟ್ಟಿ ಸಿಕ್ಕಿದರೆ ಇಂಥದ್ದನ್ನು ಮೊದಲು ಬರೆದವರು ಯಾರು ಎಂದು ಹುಡುಕುವ ಚಟ ಬಿಟ್ಟಿಲ್ಲ.

ಡೇರೆ ಎಂದರೆ ನನಗೆ ಸರ್ಕಸ್ಸು ಮತ್ತು ದಂಡು. ಅದನ್ನು ಸೈಕಲ್ಲಿಗೆ ಕಟ್ಟುವಷ್ಟು ಹಗುರ ಮಾಡಿ ಜನಪ್ರಿಯಗೊಳಿಸಿದವನು ಥಾಮಸ್ ಹೈರಂ ಹೋಲ್ಡಿಂಗ್ ಎಂಬ ಲಂಡನ್ನಿನ ದರ್ಜಿ. ಹುಡುಗನಾಗಿದ್ದಾಗ, 1853ರಲ್ಲಿ, ಅಮೆರಿಕದ ಬಯಲುಗಳನ್ನು ಬಂಡಿಗಳ ಸಾಲಿನಲ್ಲಿ ದಾಟಿದವನು. 1897ರಲ್ಲಿ ಸ್ನೇಹಿತರೊಂದಿಗೆ ಐರ್ಲೆಂಡಿನ ಕಾನಮಾರಾ ಸೀಮೆಯನ್ನು ಸೈಕಲ್ ಮೇಲೆ ಡೇರೆ ಹೊತ್ತು ಸುತ್ತಿದ, ಮರುವರ್ಷ ಅದರ ಪುಸ್ತಕ ಬರೆದ. 1901ರಲ್ಲಿ ಇಂಥ ಸೈಕಲ್ ಸವಾರರದೇ ಒಂದು ಸಂಘ ಕಟ್ಟಿದ. ದಾರಿಯ ಮೇಲೆ ಒಂದು ಮನೆಯೇ ದರ್ಜಿಯ ಕೈಯಿಂದ ಬಂತು ಎನ್ನುವುದು ಹೊಲಿಗೆ ಬಲ್ಲ ನಮ್ಮಂಥವರಿಗೆ ಖುಷಿಯ ಸಂಗತಿ. ಬಟ್ಟೆ ತೂಕವಿರಬಾರದು, ನೀರು ಇಳಿಯಬಾರದು, ಹೊಲಿಗೆ ಬಿಡಬಾರದು. ಇದು ಸೇನಾಪತಿಗಿಂತ ದರ್ಜಿಗೆ ತಿಳಿಯುವ ವಿಷಯ.

ಅಗ್ಗದ ತಂಗುದಾಣದ ಕಲ್ಪನೆ ಬಂದದ್ದು ಜರ್ಮನಿಯ ಶಾಲಾ ಮೇಷ್ಟ್ರು ರಿಷರ್ಡ್ ಷಿರ್‌ಮನ್ನನಿಗೆ. 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ, ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜಾದಿನಗಳಲ್ಲಿ ಖಾಲಿ ಬಿದ್ದಿರುವ ಶಾಲೆಗಳೇ ಪ್ರಯಾಣಿಕರಿಗೆ ಛತ್ರ ಆಗಬಾರದೇಕೆ ಎಂದು ಅವನಿಗೆ ಹೊಳೆಯಿತು. 1912ರ ಹೊತ್ತಿಗೆ ಆಲ್ಟೆನಾ ಎಂಬಲ್ಲಿಯ ಕೋಟೆಯಲ್ಲಿ ಯುವಜನರ ಮೊದಲ ತಂಗುಮನೆ ಎದ್ದಿತು. ನಂಜರಾಜ ಬಹದ್ದೂರ್ ಛತ್ರ ನೋಡಿಕೊಂಡು ಬೆಳೆದ ಮೈಸೂರಿನವರಿಗೆ ಇದು ಅಷ್ಟೇನೂ ಹೊಸದಾಗಿ ಕಾಣುವುದಿಲ್ಲ, ಆ ಮಾತು ಬೇರೆ.

ಗಂಡಸಿಗೆ ಸೈಕಲ್ಲು, ಡೇರೆ, ಛತ್ರ ಇಷ್ಟು ಸಿಕ್ಕಿದರೆ ಹೊರಡಬಹುದು. ಹೆಣ್ಣಿಗೆ ಮೊದಲು ಉಡುಪಿನ ತೊಡಕು. 1898ರಲ್ಲಿ ಇಂಗ್ಲೆಂಡಿನ ಲೇಡಿ ಹಾರ್ಬರ್ಟನ್ ಎಂಬಾಕೆ ಸೈಕಲ್ ತುಳಿಯಲು ಅನುಕೂಲವಾದ ಸಡಿಲ ಷರಾಯಿ ತೊಟ್ಟು ಹಳ್ಳಿಯ ಹೋಟೆಲಿಗೆ ಹೋದಾಗ, ಕಾಫಿ ಕೊಠಡಿಗೆ ಆ ವೇಷದಲ್ಲಿ ಪ್ರವೇಶವಿಲ್ಲ ಎಂದರು. ಸೈಕಲ್ ಪ್ರವಾಸಿಗಳ ಸಂಘ ಮರುವರ್ಷ ಆಕೆಯ ಪರವಾಗಿ ಕೋರ್ಟಿಗೆ ಹೋಗಿ ಸೋತಿತು. ಓದಿದಾಗ ನನಗೆ ನಗು ಬರಲಿಲ್ಲ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡ್ಲು ಕಲಿಯುವಾಗ ನನ್ನ ಲಂಗದ ಅಂಚು ಚೈನಿಗೆ ಸಿಕ್ಕಿ, ಬೀದಿಯ ಮಧ್ಯೆ ಬಿದ್ದು ಎದ್ದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ ಮಂಡಿಯದಲ್ಲ, ಲಂಗದ್ದು. ಯಾರಾದರೂ ನೋಡಿದರೇ ಎಂಬುದು ಎರಡನೆಯದು.

ಬಟ್ಟೆಯ ತೊಡಕಾದರೂ ಕತ್ತರಿಗೆ ಬಗ್ಗುತ್ತದೆ. ಮನೆಯ ತೊಡಕಿಗೆ ಕತ್ತರಿ ಸಾಲದು. ಅದಕ್ಕೆ ಇಬ್ಬರು ಹೆಂಗಸರ ಕಥೆ ಹೇಳಬೇಕು. ಇಬ್ಬರೂ ಯೂರೋಪಿನಲ್ಲಿ ಸೈಕಲ್ ತುಳಿದವರು, ಇಬ್ಬರೂ ಆಮೇಲೆ ನಮ್ಮ ದೇಶಕ್ಕೆ ಬಂದವರು. ಇಬ್ಬರ ಮಗಳ ಹೆಸರೂ ರೇಚಲ್!

ಮೊದಲನೆಯವಳು ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್. ಹುಟ್ಟಿದ್ದು 1859ರಲ್ಲಿ, ತಂದೆ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದವರು, ದುಡ್ಡಿಗೇನೂ ಕೊರತೆಯಿಲ್ಲ. ವೈದ್ಯನಾಗಿದ್ದ ಗಂಡನ ಜೊತೆ ಸ್ಪೇನ್ ಸುತ್ತಿ, ಅಲ್ಜೀರಿಯಾ ಸುತ್ತಿ, 1897ರ ಕೊನೆಗೆ ಸಿಂಹಳಕ್ಕೆ ಬಂದು, ಅಲ್ಲಿಂದ ನಮ್ಮ ದಕ್ಷಿಣದ ತುದಿಗೆ ದಾಟಿ ಉತ್ತರದವರೆಗೆ ಸೈಕಲ್ ತುಳಿದಳು. ಇಲ್ಲಿ ಪಕ್ಕದ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸ ಅರಮನೆ ಏಳುವುದಕ್ಕೂ ಮುಂಚಿನ ಮಾತು ಇದು. ಅರಮನೆ ಕಟ್ಟಿದ್ದು 1905ರಲ್ಲಿ. ಚಹಾ, ಸಕ್ಕರೆ, ಬಿಸ್ಕತ್ತು, ತಲೆಗೊಂದು ದಿಂಬು, ಒಬ್ಬೊಬ್ಬರಿಗೆ ಒಂದೊಂದು ಕಂಬಳಿ, ರಿಪೇರಿ ಸಾಮಾನು, ಇಷ್ಟೇ ಗಂಟು. ಮುಳ್ಳಿನ ದಾರಿಯಲ್ಲಿ ದಿನಕ್ಕೆ 40ರವರೆಗೂ ಪಂಕ್ಚರ್ ಹಾಕಿಕೊಂಡದ್ದುಂಟು, ಇಲಿಗಳ ಜೊತೆ ಮಲಗಿದ್ದುಂಟು. 1904ರಲ್ಲಿ ಆ ದಂಪತಿಗಳು ಬರೆದ ಪುಸ್ತಕದ ಹೆಸರಿನಲ್ಲೇ ಹದಿನಾಲ್ಕು ಸಾವಿರ ಮೈಲಿ ಎಂದಿದೆ. ಆಮೇಲೆ ಹಿಮಾಲಯ ಹತ್ತಿ, 1912ರಲ್ಲಿ ಸಿಯಾಚಿನ್ ಸೀಮೆಯ ಹಿಮದ ಮೇಲೆ ಹೆಂಗಸರಿಗೆ ಮತದಾನದ ಹಕ್ಕು ಬೇಕೆನ್ನುವ ಪತ್ರಿಕೆ ಹಿಡಿದು ಫೋಟೋ ತೆಗೆಸಿಕೊಂಡಳು. ಗಟ್ಟಿಗಿತ್ತಿ.

ಆದರೆ ಆಕೆ ಊರೂರು ತಿರುಗುತ್ತಿದ್ದಾಗ ಮಗಳು ರೇಚಲ್ ದಾದಿಯರ ಕೈಯಲ್ಲಿ, ವಸತಿ ಶಾಲೆಯಲ್ಲಿ ಬೆಳೆದಳು. 1893ರಲ್ಲಿ ಮಗ ತೀರಿಕೊಂಡ ಮೇಲಂತೂ ತಾಯಿ ಮನೆಯಲ್ಲಿ ನಿಂತದ್ದೇ ಕಡಿಮೆ. ಇದನ್ನು ತಪ್ಪೆಂದು ಹೇಳಲು ನಾನು ಯಾರು? ಹತ್ತು ವರ್ಷ ಮನೆ ಬಿಟ್ಟ ಗಂಡಸನ್ನು ನಾವು ‘ಅನ್ವೇಷಕ’ ಎಂದು ಪಾಠದಲ್ಲಿ ಸೇರಿಸುತ್ತೇವೆ, ಅವನ ಮಕ್ಕಳನ್ನು ಯಾರು ನೋಡಿಕೊಂಡರು ಎಂದು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ನಾನೂ ಕೇಳಿದವಳಲ್ಲ. ಲೆಕ್ಕದ ದೃಷ್ಟಿಯಿಂದಷ್ಟೇ ಹೇಳುತ್ತಿದ್ದೇನೆ: ದಾದಿಯ ಸಂಬಳ ಆ ಹದಿನಾಲ್ಕು ಸಾವಿರ ಮೈಲಿಯ ಖರ್ಚಿಗೇ ಸೇರಿದ್ದು.

ಎರಡನೆಯವಳು ನನಗೆ ಹತ್ತಿರದವಳು. ಐರ್ಲೆಂಡಿನ ಲಿಸ್ಮೋರ್ ಎಂಬ ಪುಟ್ಟ ಊರಿನ ಡರ್ವ್ಲಾ ಮರ್ಫಿ. ಹುಟ್ಟಿದ್ದು 1931ರ ನವೆಂಬರಿನಲ್ಲಿ, ತಂದೆ ಗ್ರಂಥಪಾಲಕರು. ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಹಳೆಯ ಸೈಕಲ್ಲು, ಒಂದು ಭೂಪಟದ ಪುಸ್ತಕ ಬಂತು. ಕೆಲವು ದಿನಗಳಲ್ಲೇ ಊರ ಪಕ್ಕದ ಗುಡ್ಡ ಹತ್ತುವಾಗ, ಹೀಗೇ ತುಳಿಯುತ್ತಾ ಹೋದರೆ ಇಂಡಿಯಾ ತಲುಪಬಹುದು ಎಂದು ಲೆಕ್ಕ ಹಾಕಿದಳು. ಹುಡುಗಿಯ ಲೆಕ್ಕ ಸರಿಯಾಗಿತ್ತು. ಹೊರಡಲು ಇಪ್ಪತ್ತು ವರ್ಷ ಮೇಲಾಯಿತು ಅಷ್ಟೆ. ತಾಯಿಗೆ ಕೀಲುವಾತ, ಕೈಕಾಲು ಹಿಡಿದುಕೊಂಡು ಹಾಸಿಗೆ ಹಿಡಿದಿದ್ದರು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು, ಒಬ್ಬಳೇ ಮಗಳು ತಾಯಿಯ ಆರೈಕೆಗೆ ನಿಂತಳು.

ಆ ವರ್ಷಗಳ ಮಧ್ಯೆ ಅವಳಿಗೆ ಸಿಕ್ಕಿದ್ದು ಕೆಲವೇ ಬಿಡುವುಗಳು. 1951ರಲ್ಲಿ ವೇಲ್ಸ್ ಮತ್ತು ದಕ್ಷಿಣ ಇಂಗ್ಲೆಂಡು, 1952ರಲ್ಲಿ ಯೂರೋಪಿನ ಒಳನಾಡು, 1954 ಮತ್ತು 1956ರಲ್ಲಿ ಸ್ಪೇನು. ಎಲ್ಲವೂ ಸೈಕಲ್ಲಿನ ಮೇಲೆ, ಎಲ್ಲವೂ ಕೈಬಿಗಿ ಖರ್ಚಿನಲ್ಲಿ. ನಮ್ಮ ಹುಡುಗಿ ಮೇಜಿನ ಮೇಲೆ ಹರಡಿಕೊಂಡಿದ್ದ ಬಗೆಯ ಪ್ರವಾಸವೇ ಅದು. ಹೋಗಿ ಬಾ ಎಂದು ಒತ್ತಾಯಿಸಿದವರಲ್ಲಿ ಆ ತಾಯಿಯೂ ಒಬ್ಬರು. ಆದರೆ ಪ್ರತಿ ಸಲವೂ ವಾಪಸು ಬಂದು ಸೇರುವುದು ಅದೇ ಕೋಣೆಗೆ.

1961ರಲ್ಲಿ ತಂದೆ, 1962ರಲ್ಲಿ ತಾಯಿ ತೀರಿಕೊಂಡರು. 1963ರ ಜನವರಿ 14ರಂದು, ಯೂರೋಪು ಹಲವು ದಶಕಗಳಲ್ಲಿ ಕಾಣದ ಚಳಿಯಲ್ಲಿ, ಅವಳು ‘ರಾಝ್’ ಎಂಬ ತನ್ನ ಸೈಕಲ್ಲು ಹತ್ತಿದಳು. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನು ಮೊಟಕು ಮಾಡಿ ಇಟ್ಟದ್ದು ಅದು. ತಯಾರಿ ಹೇಗಿತ್ತು ನೋಡಿ: ಏಷ್ಯಾದ ರಸ್ತೆಗೆ ತಾಳಲಾರದೆಂದು ಗೇರುಗಳನ್ನು ಬಿಚ್ಚಿಸಿ ಹಾಕಿದಳು. ಬದಲಿ ಟಯರುಗಳನ್ನು ಹೊತ್ತು ತಿರುಗದೆ ದಾರಿಯ ರಾಯಭಾರ ಕಚೇರಿಗಳಿಗೆ ಮುಂಚಿತವಾಗಿ ಕಳುಹಿಸಿಬಿಟ್ಟಳು. ಒಂದು ಪಿಸ್ತೂಲು ಇಟ್ಟುಕೊಂಡಳು. ಯುಗೋಸ್ಲಾವಿಯಾದ ಹಿಮದಲ್ಲಿ ತೋಳಗಳು ಮೇಲೆ ಬಿದ್ದಾಗ ಅದು ಉಪಯೋಗಕ್ಕೂ ಬಂತು. ಪರ್ಷಿಯಾ, ಆಫ್ಘಾನಿಸ್ಥಾನ, ಪಾಕಿಸ್ತಾನ ದಾಟಿ ಜುಲೈ 18ಕ್ಕೆ ದೆಹಲಿ. ಒಟ್ಟು ಖರ್ಚು 64 ಪೌಂಡು, 7 ಷಿಲಿಂಗು, 10 ಪೆನ್ಸು ಎಂದು ಪೆನ್ಸಿನವರೆಗೂ ಬರೆದಿಟ್ಟಳು.

ಆಗ ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ. ಅಂದರೆ ಆರು ತಿಂಗಳಿಗೆ ಸುಮಾರು 860 ರೂಪಾಯಿ, ದಿನಕ್ಕೆ ಐದು ರೂಪಾಯಿಯೂ ಇಲ್ಲ. ಸಂಸಾರ ತೂಗಿಸಿದ ಯಾವ ಹೆಂಗಸಿಗಾದರೂ ಈ ಲೆಕ್ಕ ನೋಡಿ ಎರಡು ಅನುಮಾನ ಬರುತ್ತದೆ. ಒಂದು, ಹೊಟ್ಟೆಗೆ ಏನು ತಿಂದಳು? ಉತ್ತರ ಪುಸ್ತಕದಲ್ಲೇ ಇದೆ: ದಾರಿಯುದ್ದಕ್ಕೂ ಹಳ್ಳಿಯವರು ಬಡಿಸಿದರು, ಮಲಗಲು ಜಾಗ ಕೊಟ್ಟರು. ಆ ರೊಟ್ಟಿ ತಟ್ಟಿದ ಹೆಂಗಸರ ಕೈಯ ಲೆಕ್ಕ 64 ಪೌಂಡಿನೊಳಗೆ ಬರುವುದಿಲ್ಲ. ಇನ್ನೊಂದು, ಇಪ್ಪತ್ತು ವರ್ಷ ಯಾಕೆ ಕಾಯಬೇಕಾಯಿತು? ಅದಕ್ಕೆ ಉತ್ತರ ಆಗಲೇ ಹೇಳಿದೆ.

ಮುಂದೆ 1968ರ ಡಿಸೆಂಬರಿನಲ್ಲಿ ಅವಳಿಗೆ ರೇಚಲ್ ಹುಟ್ಟಿದಳು. ಅಂದಿನ ಐರ್ಲೆಂಡಿನಲ್ಲಿ ಮದುವೆಯಾಗದ ತಾಯಿ, ಒಬ್ಬಳೇ ಸಾಕಿದಳು. ಸುಮಾರು ಐದು ವರ್ಷ ದೂರದ ಪ್ರಯಾಣ ನಿಲ್ಲಿಸಿ, ಪುಸ್ತಕ ವಿಮರ್ಶೆ ಬರೆದುಕೊಂಡು ಮನೆಯಲ್ಲಿದ್ದಳು. ಮತ್ತೆ ಹೊರಟಾಗ ಮಗುವನ್ನು ಬಿಟ್ಟು ಹೊರಡಲಿಲ್ಲ, ಕೈಹಿಡಿದುಕೊಂಡು ಹೊರಟಳು. ಎಲ್ಲಿಗೆ ಅಂತೀರಿ? ನಮ್ಮ ಕೊಡಗಿಗೆ. 1973ರ ನವೆಂಬರು, ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಅದೇ ತಿಂಗಳು, ತಾಯಿ ಮಗಳು ಮುಂಬಯಿಗೆ ಬಂದಿಳಿದರು. ಈ ಸಲ ಸೈಕಲ್ಲಿಲ್ಲ. ಬಸ್ಸು, ರೈಲು, ಕಾಲ್ನಡಿಗೆ. ವಿರಾಜಪೇಟೆಯ ಹತ್ತಿರದ ದೇವಣಗೇರಿಯಲ್ಲಿ ಮನೆ ಹಿಡಿದು ವಾರಗಟ್ಟಲೆ ಇದ್ದರು. 1976ರಲ್ಲಿ ಬಂದ ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’ ಆ ಪ್ರವಾಸದ ಕಥೆ. ಶೂಸ್ಟ್ರಿಂಗ್ ಎಂದರೆ ಬೂಟಿನ ದಾರ. ಅಷ್ಟೇ ಅಷ್ಟು ದುಡ್ಡಿನಲ್ಲಿ ಎಂದರ್ಥ.

ಆ ಪುಸ್ತಕ ನನ್ನ ಕೈಗೆ ಬಂದಾಗ ನಮ್ಮ ಅತ್ತೆಯವರು ಹಾಸಿಗೆ ಹಿಡಿದು ಮೂರನೆಯ ವರ್ಷ. ಅವರ ಮಂಚದ ಪಕ್ಕ ಕುಳಿತು, ಗಂಜಿ ಆರುವವರೆಗೆ ಎರಡೆರಡು ಪುಟ ಓದಿದ್ದು. ಏಳು ವರ್ಷ ನಾನು ಒಂದು ರಾತ್ರಿಯೂ ಊರು ಬಿಟ್ಟವಳಲ್ಲ. ವಿಜಯನಗರದ ಇತಿಹಾಸವನ್ನು ಪ್ರತಿ ವರ್ಷ ಪಾಠ ಹೇಳುತ್ತಿದ್ದವಳು ಹಂಪಿ ನೋಡಿದ್ದು ನಲವತ್ತೆಂಟನೆಯ ವಯಸ್ಸಿಗೆ. ಅತ್ತೆಯವರು ಕೆಟ್ಟವರಲ್ಲ, ಯಜಮಾನರು ಬೇಡ ಎಂದವರೂ ಅಲ್ಲ. ರಾತ್ರಿ ಎರಡು ಗಂಟೆಗೆ ಮಗ್ಗುಲು ಹೊರಳಿಸುವವರು ಬೇರೆ ಇರಲಿಲ್ಲ, ಅಷ್ಟೇ.

ಈಗ ನಮ್ಮ ಅಮ್ಮನ ಸೊಂಟದ ಮೂಳೆ ಮುರಿದು ಎರಡು ವರ್ಷ. ಆಕೆಯ ಕೋಣೆಯಲ್ಲಿ ರಾತ್ರಿ ಮಲಗುವುದು ಈ ಹುಡುಗಿಯೇ. ಹಗಲು ಕಂಪನಿ ಕೆಲಸ, ರಾತ್ರಿ ಅಜ್ಜಿ. ಪಟ್ಟಿಯಲ್ಲಿ ನಾನು ಹುಡುಕಿದ, ಕಾಣದ ಬಾಬ್ತು ಅದು. ಮೂವತ್ತೈದು ರಾತ್ರಿ ಅಲ್ಲಿ ಮಲಗುವವರು ಯಾರು? ನನಗೆ ಮಂಡಿ ನೋವು, ಅಕ್ಕ ಹಾಸನದಲ್ಲಿ. ಕೇಳಿದರೆ ಪ್ರವಾಸ ಬೇಡ ಎಂದಹಾಗಾಗುತ್ತದೆ, ಕೇಳದಿದ್ದರೆ ಹೇಗೆ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಡರ್ವ್ಲಾ ಮರ್ಫಿಯ ಕಥೆ ಹೇಳುವ ನೆಪದಲ್ಲಿ ಆ ಮಾತಿಗೆ ಬಂದೆ.

ಅವಳು ಸುಮ್ಮನೆ ಹಾಳೆ ತಿರುಗಿಸಿದಳು. ಹಿಂಬದಿಯಲ್ಲಿ ‘ಅಜ್ಜಿ’ ಎಂದು ತಲೆಬರಹ ಕೊಟ್ಟು, ರಾತ್ರಿಗೆ ಬರುವ ಆಯಾಳ ಸಂಬಳ, ಅವಳ ಊಟ, ಡಯಾಪರು ಎಲ್ಲ ಬರೆದಿದ್ದಳು. ಅದಕ್ಕಾಗಿ ಮುಂಬದಿಯಲ್ಲಿ ಮೂವತ್ತೈದು ದಿನವನ್ನು ಹೊಡೆದು ಇಪ್ಪತ್ತನಾಲ್ಕು ಮಾಡಿದ್ದಳು. ನಾನು ಇತಿಹಾಸದ ಮೇಡಂ, ದಾಖಲೆಯ ಹಿಂಬದಿ ನೋಡಿರಲಿಲ್ಲ!

ಅಂದಿನ ರಾತ್ರಿ ಹಾಸನಕ್ಕೆ ಫೋನು. ಅಕ್ಕ ಹತ್ತು ದಿನ ಬಂದು ಇರುತ್ತಾಳೆ. ವಾರಕ್ಕೆ ಎರಡು ರಾತ್ರಿ ನನ್ನದು, ಮಿಕ್ಕದ್ದು ಆಯಾಳದು. ಹೊಡೆದುಹಾಕಿದ ಹನ್ನೊಂದು ದಿನದಲ್ಲಿ ಎಂಟು ವಾಪಸು ಬಂತು. ವೀಸಾಕ್ಕೆ ಅರ್ಜಿ ಹೋಗಿದೆ, ಉತ್ತರ ಬರಬೇಕು. ಮೊನ್ನೆ ಭಾನುವಾರ ಶ್ರೀರಂಗಪಟ್ಟಣದವರೆಗೆ ಸೈಕಲ್ ತುಳಿದು ಬಂದು, ಸಂಜೆ ಮಾಳಿಗೆಯ ಮೇಲೆ ಡೇರೆ ಬಿಚ್ಚಿ ನೋಡಿದಳು. ಕೆಳಗೆ ಮಂಚದಿಂದ ಅಮ್ಮ ಕೂಗಿ ಕೇಳಿದರು, “ಅದಕ್ಕೆ ಒಳಗಿನಿಂದ ಚಿಲಕ ಇದೆಯೇನೇ?”

“ಜಿಪ್ ಇದೆ ಅಜ್ಜಿ.”

“ಜಿಪ್ಪಿಗೆ ಒಂದು ಪಿನ್ನು ಹಾಕಿಕೋ” ಎಂದರು ಅಮ್ಮ. ಪಟ್ಟಿಯಲ್ಲಿ ಈಗ ಪಂಕ್ಚರ್ ಸಾಮಾನಿನ ಕೆಳಗೆ ‘ದೊಡ್ಡ ಪಿನ್ನು, ಒಂದು ಡಜನ್’ ಎಂದು ಸೇರಿದೆ.