ಭೇಟಿ ಕಾಯ್ದಿರಿಸುವ ತಂತ್ರಾಂಶದಲ್ಲಿ ಲಭ್ಯತೆಯ ವೇಳಾಪಟ್ಟಿ

ವೈದ್ಯರು, ವಕೀಲರು, ಸಂಗೀತ ಶಿಕ್ಷಕರು ಮೊದಲಾದವರನ್ನು ಕಾಣಲು ಅಂತರಜಾಲದ ಮೂಲಕ ಸಮಯ ಕಾಯ್ದಿರಿಸುವ ತಂತ್ರಾಂಶಗಳಿಗೆ ತಳಹದಿಯಾಗಿರುವುದು ಲಭ್ಯತೆಯ ವೇಳಾಪಟ್ಟಿ. ಅವರು ಯಾವ ದಿನ, ಯಾವ ಹೊತ್ತು, ಎಲ್ಲಿ ದೊರೆಯುತ್ತಾರೆ ಎಂಬುದರ ದಾಖಲೆ ಇದು. ಇದು ತಪ್ಪಿದರೆ ಮಂಡಿನೋವಿನ ಹಿರಿಯರೊಬ್ಬರು ಡೊಂಬಿವಲಿಯಿಂದ ಲೋಕಲ್ ಹಿಡಿದು ದಾದರಿಗೆ ಬಂದು, ಮುಚ್ಚಿದ ಬಾಗಿಲು ನೋಡಿ ಹಿಂದಿರುಗಬೇಕಾಗುತ್ತದೆ.

ವೇಳಾಪಟ್ಟಿಯೇ ಬೇರೆ, ಕಾಯ್ದಿರಿಸಿದ ಭೇಟಿಗಳೇ ಬೇರೆ. ವೇಳಾಪಟ್ಟಿಯಿಂದ ರಜೆಗಳನ್ನೂ ಈಗಾಗಲೇ ಕೊಟ್ಟ ಸಮಯವನ್ನೂ ಕಳೆದರೆ ಉಳಿಯುವುದೇ ಖಾಲಿ ಸಮಯ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ 5ರಿಂದ 8ರವರೆಗೆ, ಒಬ್ಬರಿಗೆ 15 ನಿಮಿಷದಂತೆ ನೋಡುವ ವೈದ್ಯರಿಗೆ ದಿನಕ್ಕೆ 12, ಐವತ್ತೆರಡು ವಾರಗಳಿಗೆ 1,872 ಸ್ಲಾಟುಗಳಾಗುತ್ತವೆ. ಇವೆಲ್ಲವನ್ನೂ ಮೊದಲೇ ಬರೆದಿಡುವ ಪದ್ಧತಿಯೂ ಉಂಟು. ಆದರೆ ವೈದ್ಯರು 5ರ ಬದಲು 5.30ಕ್ಕೆ ಬರತೊಡಗಿದರೆ ಉಳಿದ ದಿನಗಳನ್ನೆಲ್ಲ ತಿದ್ದಬೇಕು. ಒಂದೇ ನಿಯಮ ಬರೆದಿಟ್ಟು, ಕೇಳಿದಾಗ ಲೆಕ್ಕ ಹಾಕುವುದೇ ಮೇಲು. ಇಂತಹ ಪುನರಾವರ್ತನೆಯ ನಿಯಮಗಳನ್ನೂ ವಿನಾಯಿತಿಯ ದಿನಗಳನ್ನೂ ಬರೆಯುವ ಕ್ರಮವನ್ನು 1998ರ ಐಕ್ಯಾಲೆಂಡರ್ ಮಾನಕವು ರೂಪಿಸಿತು; 2009ರಲ್ಲಿ ಅದು ಪರಿಷ್ಕೃತವಾಯಿತು. ಲಭ್ಯತೆಗೆಂದೇ ಒಂದು ವಿಸ್ತರಣೆ 2016ರಲ್ಲಿ ಬಂದಿತು.

ರಜೆಗಳ ವಿಷಯದಲ್ಲಿ ನಮ್ಮ ದೇಶಕ್ಕೆ ವಿಶೇಷ ಎಚ್ಚರ ಬೇಕು. ಗಣರಾಜ್ಯೋತ್ಸವ ಪ್ರತಿವರ್ಷ ಜನವರಿ 26ಕ್ಕೇ ಬರುತ್ತದೆ. ಗಣೇಶ ಚತುರ್ಥಿ ಹಾಗಲ್ಲ. ತಿಥಿಯನ್ನನುಸರಿಸುವ ಹಬ್ಬಗಳನ್ನು ವರ್ಷವರ್ಷವೂ ಪಂಚಾಂಗ ನೋಡಿ ಸೇರಿಸದೆ ಗತ್ಯಂತರವಿಲ್ಲ.

ಎರಡು ಭೇಟಿಗಳು ಒಂದರ ಮೇಲೊಂದು ಬೀಳುತ್ತವೆಯೇ ಎಂದು ತಿಳಿಯುವ ಸೂತ್ರ ಸರಳ: ಮೊದಲನೆಯದು ಮುಗಿಯುವ ಮುನ್ನ ಎರಡನೆಯದು ಆರಂಭವಾಗಿ, ಎರಡನೆಯದು ಮುಗಿಯುವ ಮುನ್ನ ಮೊದಲನೆಯದು ಆರಂಭವಾಗಿದ್ದರೆ ಘರ್ಷಣೆಯುಂಟು. 5.15ಕ್ಕೆ ಒಂದು ಮುಗಿದು ಇನ್ನೊಂದು ಆಗಲೇ ಆರಂಭವಾದರೆ ಘರ್ಷಣೆಯಿಲ್ಲ. ಕಷ್ಟವಿರುವುದು ಇಬ್ಬರು ಒಂದೇ ಕ್ಷಣದಲ್ಲಿ ಗುಂಡಿ ಒತ್ತಿದಾಗ. ಪರದೆಯ ಮೇಲೆ ಇಬ್ಬರಿಗೂ ಸ್ಲಾಟು ಖಾಲಿಯೆಂದೇ ಕಾಣುತ್ತಿರುತ್ತದೆ. ಆದುದರಿಂದ ಕೊನೆಯ ತಡೆ ದತ್ತಸಂಚಯದಲ್ಲಿಯೇ ಇರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 2010ರಿಂದ ಇಂತಹ ನಿರ್ಬಂಧಕ್ಕೆ ಅವಕಾಶವಿದೆ.

ಮುಂಬಯಿಯಂತಹ ನಗರದಲ್ಲಿ ಒಬ್ಬ ವೈದ್ಯರೇ ಬೆಳಗ್ಗೆ ಒಂದೆಡೆ, ಸಂಜೆ ಇನ್ನೊಂದೆಡೆ ಕುಳಿತುಕೊಳ್ಳುವುದು ಸಾಮಾನ್ಯ. ಸ್ಥಳಗಳಿಗೆ ಪ್ರತ್ಯೇಕ ನಿಯಮಗಳಿದ್ದರೂ ಘರ್ಷಣೆಯನ್ನು ವ್ಯಕ್ತಿಯ ಹೆಸರಿನಲ್ಲಿಯೇ ಪರೀಕ್ಷಿಸಬೇಕು. ನಡುವೆ ಪ್ರಯಾಣದ ಬಿಡುವನ್ನೂ ಇಡಬೇಕು. ಭಾನುವಾರದ ಮೆಗಾಬ್ಲಾಕನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊರನಾಡ ಕನ್ನಡ ಶಿಕ್ಷಕರೊಬ್ಬರು ನ್ಯೂಜೆರ್ಸಿಯ ಮಕ್ಕಳಿಗೆ ಸಂಜೆ 7.30ಕ್ಕೆ ಪಾಠ ಹೇಳುತ್ತಾರೆನ್ನಿ. ಬೇಸಿಗೆಯಲ್ಲಿ ಅಲ್ಲಿ ಬೆಳಗಿನ 10 ಗಂಟೆ, ಚಳಿಗಾಲದಲ್ಲಿ 9. ಅಮೆರಿಕದಲ್ಲಿ ಗಡಿಯಾರವು ಮಾರ್ಚಿಯ ಎರಡನೆಯ ಭಾನುವಾರ ಮುಂದಕ್ಕೂ ನವೆಂಬರಿನ ಮೊದಲ ಭಾನುವಾರ ಹಿಂದಕ್ಕೂ ಸರಿಯುತ್ತದೆ, ನಮ್ಮದು ಕದಲದು. ಆದ್ದರಿಂದ ಕೇವಲ ಗಂಟೆಗಳ ವ್ಯತ್ಯಾಸವನ್ನಲ್ಲ, ‘ಏಷ್ಯಾ/ಕೋಲ್ಕತ್ತಾ’ ಎಂಬಂತೆ ಕಾಲವಲಯದ ಹೆಸರನ್ನೇ ನಿಯಮದೊಡನೆ ದಾಖಲಿಸಬೇಕು.

ವೇಳಾಪಟ್ಟಿಯನ್ನು ಬದಲಿಸಿದಾಗ ಹಳೆಯ ನಿಯಮದಂತೆ ಕೊಟ್ಟ ಭೇಟಿಗಳು ತಾವಾಗಿ ಅಳಿಯಬಾರದು. ಹೊಸ ನಿಯಮಕ್ಕೆ ಹೊಂದದವುಗಳನ್ನು ತಂತ್ರಾಂಶವು ಹೆಸರು, ದೂರವಾಣಿ ಸಂಖ್ಯೆ ಸಹಿತ ಸ್ವಾಗತಕಾರರ ಮುಂದಿಡಬೇಕು. ಕಿರುಸಂದೇಶ ಓದದ ಹಿರಿಯರಿಗೆ ಅವರು ಕರೆ ಮಾಡಿಯೇ ತಿಳಿಸತಕ್ಕದ್ದು.